ಬೇರೆ ಬೇರೆ ರಸ್ತೆಯ ಭಾನುವಾರ

ಮರುಭೂಮಿಗೆ ಹೋಗೋಣ ಎಂದು ಮೊದಲು ಬಾಯಿಬಿಟ್ಟವಳು ನನ್ನ ಹೆಂಡತಿ. ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದವಳು ಫೋನಿಗೆ ಬಂದಿದ್ದ ಒಂದು ಚಿತ್ರ ತೋರಿಸಿ, "ನೋಡ್ರೀ, ಜೈಸಲ್ಮೇರ್ ಕಡೆ ಸೈಕಲ್‌ನಲ್ಲಿ ಕರ್ಕೊಂಡು ಹೋಗ್ತಾರಂತೆ. ರಾತ್ರಿ ಟೆಂಟ್‌ನಲ್ಲಿ ಮಲಗೋದಂತೆ. ಹೋಗೋಣ್ವಾ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಅಲ್ಲಿಗೆ ಅದು ತೀರ್ಮಾನವಾದಂತೆಯೇ.

ನಾನು ಪಾಲಿಟೆಕ್ನಿಕ್ಕೊಂದರಲ್ಲಿ ಪಾಠ ಮಾಡುವವನು. ಅವಳು ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ಸೈಕಲ್ಲಿನ ಹುಚ್ಚು ನಮಗೆ ಹತ್ತಿದ್ದು ಐವತ್ತರ ಆಸುಪಾಸಿನಲ್ಲಿ, ಮಗಳು ಮದುವೆಯಾಗಿ ಹೋದಮೇಲೆ ಭಾನುವಾರಗಳು ಉದ್ದವಾದಾಗ. ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದೆವು. ನನ್ನದು ಸ್ವಲ್ಪ ಬಿರುಸು, ಅವಳದು ನಿಧಾನ. ನಾನು ಮುಂದೆ ಹೋಗಿ ಯಾವುದಾದರೂ ಮರದಡಿ ಕಾಯುತ್ತಿದ್ದೆ. ಅವಳು ಬಂದು ನೀರು ಕುಡಿಯುವಷ್ಟರಲ್ಲಿ ನನ್ನ ದಣಿವು ಆರಿರುತ್ತಿತ್ತು, ಮತ್ತೆ ಹತ್ತಿಬಿಡುತ್ತಿದ್ದೆ. ಅವಳಿಗೆ ಕೂರಲು ಪುರಸೊತ್ತೇ ಸಿಗುತ್ತಿರಲಿಲ್ಲ.

ಪ್ರವಾಸಕ್ಕೆ ಬುಧವಾರ ರೈಲು. ಅದಕ್ಕೆ ಮುಂಚಿನ ಭಾನುವಾರ, ಚೀಲಗಳನ್ನು ಕಟ್ಟಿಕೊಂಡು ಕೊನೆಯ ಸಲ ದೂರ ತುಳಿದು ನೋಡಿ ಎಂದು ಪ್ರವಾಸ ನಡೆಸುವವರು ಹೇಳಿದ್ದರು. ಶನಿವಾರ ಸಂಜೆ ನಾನು ಭಾರಕ್ಕೆಂದು ನನ್ನ ಚೀಲಗಳಿಗೆ ಹಳೆಯ ಪಠ್ಯಪುಸ್ತಕ ತುಂಬುತ್ತಿದ್ದಾಗ ಅವಳು ತನ್ನ ಚೀಲಕ್ಕೆ ರಾಗಿಹಿಟ್ಟಿನ ಪೊಟ್ಟಣ ಇಳಿಸುತ್ತ, "ನಾಳೆ ನಾನು ಬೇರೆ ಕಡೆ ಹೋಗ್ತೀನಿ" ಎಂದಳು.

"ಯಾಕೆ?"

"ಸುಮ್ನೆ. ನಿಮ್ಮ ಬೆನ್ನು ನೋಡ್ದೆ ಒಂದಿನ ತುಳೀಬೇಕು ಅನ್ನಿಸ್ತಿದೆ. ಅಲ್ಲಿ ಹೋದ್ಮೇಲೆ ಹೆಂಗೂ ದಿನಾ ನೋಡೋದೇ ಅಲ್ವಾ."

ಮುನಿಸಿನಿಂದ ಹೇಳಿದ ಮಾತಲ್ಲ ಅದು. ಬೆಳಿಗ್ಗೆ ಕಾಫಿ ಕುಡಿದು ಗೇಟಿನಾಚೆ ಇಬ್ಬರೂ ಬೇರೆಯಾದೆವು. ಅವಳು ವಿಜಯನಗರ, ಮೂಡಲಪಾಳ್ಯದ ಮೇಲೆ ಕೆಂಗೇರಿ ಕಡೆ. ನಾನು ಮಾಗಡಿ ರಸ್ತೆ ಹಿಡಿದು ತಾವರೆಕೆರೆ ಕಡೆ. ತಿರುವಿನಲ್ಲಿ ಅವಳು ಬೆಲ್ ಬಾರಿಸಿದಳು. ನಾನೂ ಬಾರಿಸಿದೆ.

ಹೋಗುವಾಗ ಎಲ್ಲ ಸರಿಯಾಗೇ ಇತ್ತು. ತಾವರೆಕೆರೆಯಲ್ಲಿ ಇಡ್ಲಿ ತಿಂದೆ. ಸೈಕಲ್ಲಿನ ಚೀಲಗಳನ್ನು ನೋಡಿ ಹೋಟೆಲಿನವರು "ಎಲ್ಲಿಂದ ಸಾರ್?" ಎಂದು ಕೇಳಿದಾಗ, ಬಸವೇಶ್ವರನಗರ ಎನ್ನುವುದು ಬಿಟ್ಟು "ರಾಜಸ್ಥಾನಕ್ಕೆ ಹೋಗ್ಬೇಕು" ಎಂದೆ. ಅಷ್ಟು ಹುರುಪು.

ವಾಪಸು ಬರುವಾಗ ಬ್ಯಾಡರಹಳ್ಳಿ ದಾಟುವಷ್ಟರಲ್ಲಿ ಬಲಗಿವಿಯೊಳಗೆ ಏನೋ ಟಪ್ಪೆಂದ ಹಾಗಾಯಿತು. ಸ್ನಾನ ಮಾಡುವಾಗ ನೀರು ಹೊಕ್ಕರೆ ಹೇಗಿರುತ್ತದೋ ಹಾಗೆ ಕಿವಿ ಕಟ್ಟಿತು. ನೋವಿಲ್ಲ, ಉರಿಯಿಲ್ಲ. ಬೆಳಗಿನ ತಣ್ಣನೆ ಗಾಳಿಗೆ ಹೀಗಾಗಿರಬೇಕು ಎಂದುಕೊಂಡು ದವಡೆ ಆಡಿಸಿದೆ, ಉಗುಳು ನುಂಗಿದೆ. ಬಿಡಲಿಲ್ಲ. ರಸ್ತೆಯ ಗದ್ದಲ ಎಂದಿನಂತೆ ಕೇಳುತ್ತಲೇ ಇತ್ತು. ಹಾಗಾಗಿ ಕಿವಿ ಕಟ್ಟಿದೆ ಎಂದುಕೊಂಡೆನೇ ಹೊರತು ಹೋಗಿದೆ ಎಂದು ಹೊಳೆಯಲಿಲ್ಲ.

ಸುಂಕದಕಟ್ಟೆಯ ಹತ್ತಿರ ಬಂದಾಗ ಜನ, ಗಾಡಿ, ತರಕಾರಿ ಅಂಗಡಿಗಳ ಮುಂದೆ ಅಡ್ಡಾದಿಡ್ಡಿ ನಿಂತ ಸ್ಕೂಟರು. ಎಡಗಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ತೀರ ಹತ್ತಿರದಿಂದ. ಈ ಬಸ್ಸಿನವನು ಎಡಗಡೆ ಯಾಕೆ ನುಗ್ಗಿದ ಎಂದು ಬೈದುಕೊಂಡು ದಾರಿ ಬಿಡಲು ಬಲಕ್ಕೆ ಎಳೆದೆ. ಬಸ್ಸು ಇದ್ದದ್ದು ಬಲಕ್ಕೆ.

ಬ್ರೇಕು ಕಿರುಚಿತು. ನಾನು ಚೀಲ, ಪುಸ್ತಕಗಳ ಸಮೇತ ಮಗುಚಿದೆ. ಬಸ್ಸಿನ ಬಂಪರು ಕೈಗೆ ಎಟುಕುವಷ್ಟು ಹತ್ತಿರದಲ್ಲಿ ನಿಂತಿತ್ತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಹಾರ್ನ್ ಹೊಡೀತಾನೇ ಇದೀನಿ, ಬಂದು ಗಾಡಿಗೇ ಬೀಳ್ತೀರಲ್ಲ ಸಾರ್! ಮನೇಲಿ ಹೇಳಿ ಬಂದಿದೀರಾ?" ಎಂದು ಕೂಗಿದ. ಏಳಲು ಹೋದೆ. ಆಗ ರಸ್ತೆ, ಬಸ್ಸು, ಅಂಗಡಿಗಳು ಎಲ್ಲ ಒಂದೇ ದಿಕ್ಕಿಗೆ ತಿರುಗತೊಡಗಿದವು. ಯಾರೋ ಇಬ್ಬರು ರಟ್ಟೆ ಹಿಡಿದು ಪಕ್ಕದ ಹೂವಿನ ಅಂಗಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದರು. ಮತ್ತಿಬ್ಬರು ಸೈಕಲ್ ತಂದು ಗೋಡೆಗೆ ಒರಗಿಸಿದರು. ಮೊಣಕೈ ತರಚಿತ್ತು, ಅಷ್ಟೇ. ಆದರೆ ಕಣ್ಣು ತೆರೆದರೆ ಸುತ್ತು, ಮುಚ್ಚಿದರೆ ಇನ್ನೂ ಸುತ್ತು. ಬೆಳಗಿನ ಇಡ್ಲಿ ಅಲ್ಲೇ ಮೋರಿಗೆ ಹೋಯಿತು. ಹೂ ಮಾರುವ ಹೆಂಗಸು ಹೂವಿಗೆ ಚಿಮುಕಿಸಲು ಇಟ್ಟುಕೊಂಡಿದ್ದ ನೀರಿನಲ್ಲೇ ನನ್ನ ಮುಖ ತೊಳೆಸಿದರು.

ಹೆಂಡತಿಗೆ ಫೋನ್ ಮಾಡಿದೆ. ರಿಂಗ್ ಆಗುವ ಸದ್ದೂ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಅಂದರೆ ಅವಳು ಎತ್ತಿದ್ದಾಳೆ. "ಹಲೋ? ಹಲೋ? ಏನೂ ಕೇಳಿಸ್ತಾ ಇಲ್ಲ ಕಣೇ. ಹಲೋ?" ಎಂದೆ. ಮೌನ. ಸಿಗ್ನಲ್ ಇಲ್ಲವೆಂದು ಕಟ್ ಮಾಡಿ ಮತ್ತೆ ಮಾಡಿದೆ. ಮತ್ತೆ ಅದೇ. ಅವಳೇ ಮಾಡಿದಳು. ಎತ್ತಿ ಮತ್ತೆ ಹಲೋ ಹಲೋ ಎಂದು ಕೂಗಿದೆ. ಮೆಸೇಜ್ ಮಾಡೋಣವೆಂದರೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಇಳಿಯುತ್ತಿದ್ದವು. ಸುತ್ತಲೂ ಅಷ್ಟು ಜನರಿದ್ದರೂ ಬಾವಿಯೊಳಗೆ ಕೂತು ಕೂಗುತ್ತಿದ್ದೇನೆ ಅನ್ನಿಸಿತು.

ಆ ಕಡೆ ಏನಾಗುತ್ತಿತ್ತು ಎಂಬುದನ್ನು ಅವಳು ಆಮೇಲೆ ಹೇಳಿದಳು. ಕೆಂಗೇರಿ ದಾಟಿ ದೊಡ್ಡ ಆಲದಮರದ ರಸ್ತೆಯಲ್ಲಿ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಅವಳು ಕಾಲು ಚಾಚಿ ಕೂತಿದ್ದಳಂತೆ. ನನ್ನ ಪ್ರತಿಯೊಂದು ಮಾತೂ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ನಾನು ಇದೀನಿ ರೀ, ಕೇಳಿಸ್ತಾ ಇದೆ, ಎಲ್ಲಿದೀರಾ ಹೇಳಿ" ಎಂದು ಅವಳು ಕೂಗುತ್ತಲೇ ಇದ್ದಳು. ನನ್ನ ಹಿಂದೆ ಯಾರೋ "ಬಸ್ಸಿಗೆ ಸಿಕ್ಕಿದ್ರಾ?" ಎಂದು ವಿಚಾರಿಸಿದ್ದೂ, "ಆಂಬುಲೆನ್ಸ್ ಬೇಕಾ?" ಎಂದು ಇನ್ಯಾರೋ ಅಂದದ್ದೂ ಕೇಳಿತು. ನಾನು ಮಾತ್ರ ಹಲೋ ಹಲೋ ಎಂದು ಕಟ್ ಮಾಡುತ್ತಿದ್ದೆ. ಎಲ್ಲಿಗೆ ಎಂದು ಗೊತ್ತಿಲ್ಲದೆಯೇ ಅವಳು ಸೈಕಲ್ ಹತ್ತಿದಳು. ಮಾಗಡಿ ರಸ್ತೆಯಲ್ಲಿ ಎಲ್ಲೋ ಇರಬೇಕು ಎಂಬುದಷ್ಟೇ ಗೊತ್ತು. ಉಳ್ಳಾಲದ ಒಳರಸ್ತೆಯಲ್ಲಿ ತುಳಿಯುತ್ತ ತುಳಿಯುತ್ತ, ನಿಂತು ಫೋನ್ ಮಾಡುತ್ತ, ಮತ್ತೆ ತುಳಿಯುತ್ತ. ಚೀಲ ಭಾರವಾಗಿ ರಾಗಿಹಿಟ್ಟಿನ ಪೊಟ್ಟಣಗಳನ್ನೆಲ್ಲ ರಸ್ತೆ ಬದಿಯ ಒಂದು ಮನೆಯ ಜಗಲಿಯ ಮೇಲೆ ಇಟ್ಟು, ಏನು ಎತ್ತ ಹೇಳದೆ ಹೊರಟುಬಿಟ್ಟಳಂತೆ.

ಕೊನೆಗೆ ಹೂವಿನ ಅಂಗಡಿಯಾಕೆ, "ಕೊಡಿ ಸಾರ್ ಇಲ್ಲಿ" ಎಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಹಲೋ... ಹೂಂ ಕಣಮ್ಮ, ಇಲ್ಲೇ ಅವ್ರೆ, ಸುಂಕದಕಟ್ಟೆ, ಹೂವಿನ ಅಂಗಡಿ ಮುಂದೆ. ಏನೂ ಆಗಿಲ್ಲ, ಮೊಣಕೈ ಒಸಿ ತರಚೈತೆ. ತಲೆ ಸುತ್ತು ಅಂತವ್ರೆ. ನಿಧಾನಕ್ಕೆ ಬಾರಮ್ಮ." ಫೋನ್ ವಾಪಸು ಕೊಡುತ್ತ, "ಚೆನ್ನಾಗೇ ಕೇಳಿಸ್ತದಲ್ಲ ಸಾರ್. ತಗಳಿ, ಮಾತಾಡಿ" ಎಂದರು.

ಫೋನನ್ನು ಮತ್ತೆ ಬಲಗಿವಿಗೆ ಹಿಡಿದೆ. ಏನೂ ಇಲ್ಲ. ನಿಧಾನವಾಗಿ ಎಡಗಿವಿಗೆ ತಂದೆ. ಹೆಂಡತಿ ಅಳುತ್ತಿದ್ದಳು.

ಫೋನನ್ನು ಮತ್ತೆ ಬಲಕ್ಕೆ ಒಯ್ದೆ. ಅಳು ನಿಂತಿತು. ಎಡಕ್ಕೆ ತಂದೆ. ಶುರುವಾಯಿತು. ಆ ಸ್ಟೂಲಿನ ಮೇಲೆ ಕೂತು ಒಂದು ಹೆದರಿಕೆ ಕಾಲಿನಿಂದ ಮೇಲಕ್ಕೆ ಹತ್ತಿದ್ದು ಇನ್ನೂ ನೆನಪಿದೆ. ಬಸ್ಸಿನ ಮುಂದೆ ಬಿದ್ದಾಗಲೂ ಅಷ್ಟು ಹೆದರಿರಲಿಲ್ಲ.

ಅವಳು ಬಂದಾಗ ಮುಖ ಕೆಂಪಗೆ ಬೆಂದಿತ್ತು. ಹೆಲ್ಮೆಟ್ ತೆಗೆಯದೆಯೇ ನನ್ನ ಕೆನ್ನೆ, ತೋಳು, ಮಂಡಿ ಎಲ್ಲ ಮುಟ್ಟಿ ನೋಡಿದಳು. "ಕಿವಿ ಕೇಳಿಸ್ತಿಲ್ಲ ಕಣೇ, ಬಲಗಡೇದು" ಎಂದೆ. "ಧೂಳು ಹೋಗಿರುತ್ತೆ, ಸರಿಹೋಗುತ್ತೆ" ಎಂದಳು. ಎರಡು ಸೈಕಲ್ಲನ್ನೂ ಲಗೇಜ್ ಆಟೋಗೆ ಹಾಕಿ, ನಾವೂ ಅದರಲ್ಲೇ ತುರುಕಿಕೊಂಡು ವಿಜಯನಗರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಭಾನುವಾರವಾದ್ದರಿಂದ ಕಿವಿಯ ಡಾಕ್ಟರು ಮನೆಯಿಂದ ಬರಬೇಕಾಯಿತು. ಮಗಳ ವಯಸ್ಸಿನವರು. ಕಬ್ಬಿಣದ ಕವೆಯಂಥದ್ದೊಂದನ್ನು ತಮ್ಮ ಮೊಣಕೈಗೆ ಬಡಿದು ನನ್ನ ಹಣೆಯ ನಡುವೆ ಊರಿ, "ಸದ್ದು ಯಾವ ಕಡೆ ಕೇಳ್ತಿದೆ?" ಎಂದರು. ಹಣೆಯ ನಡುವೆ ಇಟ್ಟದ್ದರ ಸದ್ದು ಪೂರ್ತಿ ಎಡಗಡೆಗೆ ಸರಿದಿತ್ತು. ನಾನು ಎಡಗೈ ಎತ್ತಿದೆ. ಅವರ ಮುಖ ಸ್ವಲ್ಪ ಬದಲಾಯಿತು.

"ಮೇಣ ಅಲ್ಲ, ಧೂಳೂ ಅಲ್ಲ. ಒಳಗಿನ ನರದ್ದು. ಇದ್ದಕ್ಕಿದ್ದ ಹಾಗೆ ಹೀಗಾಗುತ್ತೆ ಕೆಲವರಿಗೆ."

"ಯಾಕಾಗುತ್ತೆ?" ಎಂದು ನನ್ನ ಹೆಂಡತಿ ಕೇಳಿದಳು.

"ಹೆಚ್ಚಿನವರಲ್ಲಿ ಕಾರಣ ಗೊತ್ತಾಗಲ್ಲ ಅಮ್ಮ. ಇವತ್ತೇ ಮಾತ್ರೆ ಶುರು ಮಾಡೋಣ. ಆಮೇಲೆ ಇಂಜೆಕ್ಷನ್ ನೋಡೋಣ. ಬರಬಹುದು. ಬರದೇನೂ ಇರಬಹುದು."

"ನಾವೇನು ಮಾಡ್ಬೇಕು?"

"ಕಾಯ್ಬೇಕು."

"ಬುಧವಾರ ಸೈಕಲ್ ಪ್ರವಾಸ ಇತ್ತು" ಎಂದೆ ನಾನು. ಡಾಕ್ಟರು ತಲೆಯೆತ್ತಿ ನನ್ನ ತೊಡೆಗಂಟಿದ ಸೈಕಲ್ ಚಡ್ಡಿ, ಧೂಳು, ತರಚಿದ ಮೊಣಕೈ ನೋಡಿ, ಮೃದುವಾಗಿ "ಬೇಡ ಸಾರ್" ಎಂದರು.

ಮಧ್ಯಾಹ್ನ ಮನೆಯಲ್ಲಿ ಮೊಸರನ್ನ ತಿಂದು ಮಲಗಿದೆ. ಎಡಕ್ಕೆ ಹೊರಳಿದರೆ ಕೇಳುವ ಕಿವಿ ದಿಂಬಿನಲ್ಲಿ ಹೂತು, ಮನೆ, ಬೀದಿ, ಫ್ಯಾನು ಎಲ್ಲ ಒಟ್ಟಿಗೆ ಆರಿಹೋಗುತ್ತಿದ್ದವು. ಎಚ್ಚರವಾದಾಗ ಅವಳು ಮಂಚದ ಅಂಚಿನಲ್ಲಿ ನನ್ನ ಕಡೆ ಬೆನ್ನು ಮಾಡಿ ಕೂತಿದ್ದಳು. ಅವಳ ಭುಜ ಅಲುಗುತ್ತಿತ್ತು. ತಲೆಯೆತ್ತಿದಾಗ ಒಂದು ಮಾತಿನ ಬಾಲವಷ್ಟೇ ಕಿವಿಗೆ ಬಿತ್ತು: "...ಅದಕ್ಕೇ ಹೀಗಾಯ್ತು."

"ಯಾವುದಕ್ಕೆ?"

ಅವಳು ಬೆಚ್ಚಿ ತಿರುಗಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಇವತ್ತಿನಷ್ಟು ಖುಷಿಯಾಗಿ ನಾನು ಯಾವತ್ತೂ ಸೈಕಲ್ ತುಳಿದಿರ್ಲಿಲ್ಲ ರೀ. ಬೇಕಾದಲ್ಲಿ ನಿಂತೆ. ಒಂದು ಕೆರೆ ಹತ್ರ ಸುಮ್ನೆ ಕೂತಿದ್ದೆ. ಮರುಭೂಮಿಗೂ ಒಬ್ಬಳೇ ಹೋಗೋ ಹಾಗಿದ್ರೆ ಎಷ್ಟು ಚೆನ್ನಾಗಿರೋದು ಅಂದ್ಕೊಂಡೆ. ಅಂದ್ಕೊಂಡು ಸ್ವಲ್ಪ ಹೊತ್ತಿಗೇ ನಿಮ್ಮ ಫೋನು" ಎಂದಳು.

ನೀನು ಅಂದುಕೊಂಡದ್ದಕ್ಕೂ ನನ್ನ ಕಿವಿಗೂ ಸಂಬಂಧವಿಲ್ಲ ಎಂದು ಹೇಳಿದೆ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. "ಹಾಗಾದ್ರೆ ಒಬ್ಬಳೇ ಹೋಗು" ಎಂದೆ. ಅದು ಚುಚ್ಚುಮಾತಾಗಿ ಕೇಳಿಸಿತು. "ನಿಜವಾಗ್ಲೂ ಹೋಗು ಕಣೇ" ಎಂದೆ, ಇನ್ನೂ ಕೆಟ್ಟದಾಗಿ ಕೇಳಿಸಿತು. ಅವಳು ಎದ್ದು ಒಳಗೆ ಹೋಗಿ, ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸತೊಡಗಿದಳು.

ಮಂಗಳವಾರ ಸಂಜೆಯವರೆಗೂ ಹೋಗುವುದಿಲ್ಲ ಎನ್ನುತ್ತಲೇ ಇದ್ದಳು. ಮಗಳು ಬಂದು, ರಜೆ ಹಾಕಿದ್ದೇನೆ, ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ ಎಂದ ಮೇಲೆ, ಇಲ್ಲವೆನ್ನಲು ಕಾರಣ ಸಾಲದೆ ಹೊರಟಳು. ಗೆದ್ದವಳಂತೆ ಅಲ್ಲ, ಯಾರೋ ದಬ್ಬಿದಂತೆ. ಯಶವಂತಪುರ ಸ್ಟೇಷನ್ನಿನಲ್ಲಿ ನಾನು ಮಗಳ ತೋಳು ಹಿಡಿದು ನಿಂತಿದ್ದೆ. ಗೋಡೆಯಿಲ್ಲದ ಕಡೆ ನಿಂತರೆ ಓಲಾಡುತ್ತಿದ್ದೆ. ರೈಲು ಅಲುಗಿದಾಗ ಅವಳು ಬಾಗಿಲಿನಿಂದ ಏನೋ ಹೇಳಿದಳು. ಪ್ರಕಟಣೆ, ಪೋರ್ಟರುಗಳ ಕೂಗು ಎಲ್ಲ ಒಂದೇ ಮುದ್ದೆಯಾಗಿ ಎಡಗಿವಿಗೆ ನುಗ್ಗುತ್ತಿತ್ತು. ನಾನು ಸುಮ್ಮನೆ ತಲೆಯಾಡಿಸಿದೆ. ಅವಳ ಮುಖ ನೋಡಿದರೆ ಅದು ಪ್ರಶ್ನೆಯಾಗಿತ್ತು ಅನ್ನಿಸಿತು.

ಅವಳು ಮರಳಿನಲ್ಲಿ ತುಳಿಯುತ್ತಿದ್ದ ದಿನಗಳಲ್ಲಿ ಕಿವಿಯ ಪರೀಕ್ಷೆ ನಡೆಯಿತು. ಸದ್ದು ಹೊಗದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಎಷ್ಟೇ ಸಣ್ಣ ಸದ್ದು ಕೇಳಿದರೂ ಒತ್ತಬೇಕು. ಕಣ್ಣು ಮುಚ್ಚಿ ಬಲಗಿವಿಯ ಕಡೆಗೆ ಇಡೀ ಪ್ರಾಣವನ್ನು ನೂಕಿದೆ. ಕೇಳಿತು. ಒತ್ತಿದೆ. ಮತ್ತೆ ಕೇಳಿತು, ಒತ್ತಿದೆ. ಕಿವಿ ಬಂತು ಎಂದುಕೊಂಡು ಒತ್ತುತ್ತಲೇ ಹೋದೆ. ಬಾಗಿಲು ತೆರೆದು ಪರೀಕ್ಷೆ ಮಾಡುವ ಹುಡುಗಿ ಎಡಗಡೆಗೆ ಬಂದು, "ಸಾರ್, ನಾನಿನ್ನೂ ಶುರು ಮಾಡಿಲ್ಲ" ಎಂದಳು.

ಹೆಂಡತಿ ಕಪ್ಪಾಗಿ, ತೆಳ್ಳಗಾಗಿ, ತಲೆಗೂದಲಲ್ಲಿ ಮರಳು ತುಂಬಿಕೊಂಡು ಬಂದಳು. ಪೂರ್ತಿ ಪ್ರವಾಸ ಮುಗಿಸಿದ್ದಳು. ಹೇಗಿತ್ತು ಎಂದರೆ "ಚೆನ್ನಾಗಿತ್ತು" ಎನ್ನುತ್ತಾಳೆ. ಅಷ್ಟೇ. ಕೆದಕಿದರೆ ಒಂಟೆಗಳ ಬಗ್ಗೆ, ಊಟದ ಬಗ್ಗೆ ಹೇಳುತ್ತಾಳೆ. ಒಬ್ಬಳೇ ಹೋದದ್ದಕ್ಕೇ ಇನ್ನೂ ಚೆನ್ನಾಗಿತ್ತು ಎನ್ನಲು ನನ್ನ ಮುಂದೆ ಅವಳಿಗೆ ಧೈರ್ಯವಿಲ್ಲ. ಹೇಳು ಎನ್ನುವುದು ಹೇಗೆಂದು ನನಗೂ ತಿಳಿದಿಲ್ಲ.

ತಲೆಸುತ್ತು ಹೋಯಿತು. ಬಲಗಿವಿಯಲ್ಲಿ ಗುಡುಗಿನಂಥ ದಪ್ಪ ಸದ್ದುಗಳು ಅಷ್ಟಿಷ್ಟು ಮರಳಿದವು. ಮಾತು ಮರಳಲಿಲ್ಲ. ಯಾವ ಸದ್ದು ಯಾವ ದಿಕ್ಕಿನದು ಎಂಬುದು ಇವತ್ತಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಅವಳು ಕುಕ್ಕರ್ ಇಟ್ಟು ಸ್ನಾನಕ್ಕೆ ಹೋಗುತ್ತಾಳೆ. ಸೀಟಿ ಕೇಳುತ್ತದೆ. ನಮ್ಮದೋ ಪಕ್ಕದ ಮನೆಯದೋ ತಿಳಿಯದೆ ಅಡುಗೆಮನೆಗೆ ಓಡಿ, ಒಲೆಯ ಮುಂದೆ ನಿಂತು, ಅದನ್ನೇ ನೋಡುತ್ತಿರುತ್ತೇನೆ.