ಟೇಪಿನ ಕಾಗದ ಕೀಳುತ್ತಿದ್ದ ಉಗುರು

ಡಬಲ್ ಟೇಪಿನ ಮೇಲಿನ ಕಾಗದದಷ್ಟು ಹಟಮಾರಿ ವಸ್ತುವನ್ನು ನಾನು ಇನ್ನೊಂದು ಕಂಡಿಲ್ಲ. ಬೋರ್ಡು ಹಚ್ಚುವ ಕಸುಬಿನಲ್ಲಿ ಅರ್ಧ ಆಯುಸ್ಸು ಸವೆಸಿದವನು ಹೇಳುತ್ತಿದ್ದೇನೆ. ಆ ಸ್ಪಂಜಿನ ಟೇಪಿನ ಒಂದು ಮುಖ ಬೋರ್ಡಿನ ಬೆನ್ನಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಮುಖದ ಮೇಲೆ ನುಣ್ಣನೆಯ ಹಸಿರು ಕಾಗದವಿರುತ್ತದೆ. ಅದನ್ನು ಕಿತ್ತರೆ ಮಾತ್ರ ಬೋರ್ಡು ಗೋಡೆಗೆ ಅಂಟೀತು. ಕೀಳಬೇಕಲ್ಲ! ಮೂಲೆ ಕೆರೆದರೆ ಕಾಗದದ ಬದಲು ಸ್ಪಂಜೇ ಎದ್ದು ಬರುತ್ತದೆ. ಬ್ಲೇಡು ಹಾಕಿದರೆ ಅಂಟು ಹಾಳು. ಒಂದೊಂದು ಸಲ ಅರ್ಧ ಬಂದು, ಹರಿದು, ಉಳಿದರ್ಧ ಅಲ್ಲೇ ಕೂತುಬಿಡುತ್ತದೆ. ನನಗೋ ಚಿಕ್ಕಂದಿನಿಂದ ಉಗುರು ಕಚ್ಚುವ ಚಟ. ಹತ್ತು ಬೆರಳಿದ್ದೂ ಒಂದೂ ಪ್ರಯೋಜನಕ್ಕಿಲ್ಲ. ಟೇಪನ್ನು ಬಯ್ಯುತ್ತಿದ್ದೆ, ಅದನ್ನು ಕಂಡುಹಿಡಿದವನನ್ನು ಬಯ್ಯುತ್ತಿದ್ದೆ, ಕೊನೆಗೆ ಎದುರಿಗೆ ಸಿಕ್ಕವರನ್ನು ಬಯ್ಯುತ್ತಿದ್ದೆ.

ನಮ್ಮ ಅಂಗಡಿ ಮುಳ್ಳನ್‌ಕೊಲ್ಲಿ ರಸ್ತೆಯಲ್ಲಿತ್ತು. ಅಜ್ಜ ಕಬಿನಿಯ ಆಚೆ ದಡದಿಂದ ವ್ಯಾಪಾರಕ್ಕೆಂದು ಬಂದವರು. ಮನೆಯೊಳಗೆ ಕನ್ನಡ ಮಾತಾಡಿ, ಬೋರ್ಡಿನ ಮೇಲೆ ಮಲಯಾಳಂ ಬರೆದು ಬದುಕಿದ ಮನೆತನ ನಮ್ಮದು. ಅಪ್ಪ ತಗಡಿನ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ನನ್ನ ಕಾಲಕ್ಕೆ ಪ್ಲಾಸ್ಟಿಕ್ ಹಲಗೆ ಬಂತು. ಗೋಡೆಗೆ ಮೊಳೆ ಹೊಡೆಯಬೇಡಿ, ಬಣ್ಣ ಕಿತ್ತುಹೋಗುತ್ತದೆ ಎನ್ನುವ ಸರ್ಕಾರಿ ಕಚೇರಿಗಳೂ ಬಂದವು. ಹಾಗಾಗಿ ಟೇಪು ಅನಿವಾರ್ಯವಾಯಿತು.

ಅವಳು ಬಂದದ್ದು ಬುಟ್ಟಿ ಮಾರಲು. ಹೊಳೆದಂಡೆಯ ಹಾಡಿಯವಳು, ಕಾಡಿನ ಜನ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳಿರಬಹುದು. ನಾನು ಟೇಪಿನ ಜೊತೆ ಜಗಳವಾಡುವುದನ್ನು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳದೆಯೇ ಒಳಗೆ ಬಂದು, ಬೋರ್ಡು ಎಳೆದುಕೊಂಡು, ಬಲಗೈ ಹೆಬ್ಬೆರಳಿನ ಉಗುರನ್ನು ಕಾಗದದ ಅಂಚಿಗೆ ಕೊಟ್ಟಳು. ಸರ್ರನೆ ಎದ್ದು ಬಂತು! ಬಿದಿರಿನ ಸೀಳಿನಿಂದ ಸಿಪ್ಪೆ ಬಿಡಿಸಲು ಬೆಳೆಸಿದ ಉಗುರು ಅದು. ಉದ್ದಕ್ಕೆ, ಗಟ್ಟಿಗೆ, ತುದಿಯಲ್ಲಿ ಸ್ವಲ್ಪ ಬಾಗಿತ್ತು. ಮಾರನೆಯ ದಿನದಿಂದಲೇ ಅವಳು ನಮ್ಮ ಅಂಗಡಿಯ ಆಳಾದಳು.

ಬೋರ್ಡು ಸೊಟ್ಟಗಾಗದಂತೆ ಹಚ್ಚುವ ಉಪಾಯ ಕಂಡುಕೊಂಡವಳೂ ಅವಳೇ. ಕಾಗದ ಪೂರ್ತಿ ಕಿತ್ತು ಗೋಡೆಗೆ ಇಟ್ಟರೆ ಮುಗಿಯಿತು, ಆಮೇಲೆ ಕೂದಲೆಳೆಯಷ್ಟೂ ಸರಿಸಲಾಗುವುದಿಲ್ಲ. ಅವಳು ಎರಡು ಬೆರಳಿನಷ್ಟು ಮಾತ್ರ ಬಿಡಿಸಿ, ಆ ತುಂಡನ್ನು ಬೋರ್ಡಿನ ಅಂಚಿನಿಂದ ಹೊರಕ್ಕೆ ಮಡಚಿಡುತ್ತಿದ್ದಳು. ಅದಕ್ಕೆ ನಾವು ಬಾಲ ಎನ್ನುತ್ತಿದ್ದೆವು. ಬೋರ್ಡನ್ನು ಗೋಡೆಗಿಟ್ಟು, ರಸಮಟ್ಟ ಹಿಡಿದು ನೋಡಿ, ಸರಿಯಾದ ಮೇಲೆ ಬಾಲ ಹಿಡಿದು ಎಳೆದರೆ ಕಾಗದವೆಲ್ಲ ಹಿಂದಿನಿಂದ ಜಾರಿ ಬರುತ್ತಿತ್ತು. ಅವಳು ಬಂದ ಮೇಲೆ ಹಚ್ಚಿದ ಒಂದು ಬೋರ್ಡೂ ಬೀಳಲಿಲ್ಲ.

ನಾನು ಅವಳನ್ನು ಚೆನ್ನಾಗಿ ನೋಡಿಕೊಂಡೆ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಉಗುರನ್ನು ನೋಡಿಕೊಂಡೆ, ಅಷ್ಟೇ. ಬೆಳಿಗ್ಗೆ ಬಂದ ಕೂಡಲೇ ಕೈ ಚಾಚುತ್ತಿದ್ದೆ, ಅವಳು ಹೆಬ್ಬೆರಳನ್ನು ನನ್ನ ಅಂಗೈ ಮೇಲಿಡಬೇಕು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ತಿರುಗಿಸಿ ನೋಡುತ್ತಿದ್ದೆ. ಸೀಳು ಬಿಟ್ಟಿದ್ದರೆ ಮಧ್ಯಾಹ್ನದವರೆಗೆ ಬೈಗುಳ. ಪಾತ್ರೆ ತಿಕ್ಕಬಾರದು, ಕಾಫಿ ಕೊಯ್ಯಬಾರದು, ಹಾಡಿಗೆ ಹೋದ ಮೇಲೂ ಬುಟ್ಟಿ ಹೆಣೆಯಬಾರದು ಎಂದು ಕಟ್ಟು ಹಾಕಿದ್ದೆ. ಅವಳು ನಗುತ್ತಿದ್ದಳು. ಬೆರಳನ್ನು ಬೇಕಾದರೆ ಕಡಿದು ಇಲ್ಲೇ ಇಟ್ಟು ಹೋಗಲೇ ಅಣ್ಣ ಎಂದು ಕೇಳುತ್ತಿದ್ದಳು.

ಅವಳು ಬಂದು ಕೆಲವು ವರ್ಷಗಳಾದ ಮೇಲೆ ಜಮೀನಿನ ಗಲಾಟೆ ಶುರುವಾಯಿತು. ಕೊಡುತ್ತೇವೆ ಕೊಡುತ್ತೇವೆ ಎಂದ ಭೂಮಿ ಕೊಡದೆ ಹೋದಾಗ ಕಾಡಿನ ಜನ ಹಾಡಿ ಹಾಡಿಗಳಿಂದ ಹೊರಟು ಕಾಡಿನೊಳಗೆ ಗುಡಿಸಲು ಹಾಕಿದರು. ಅವಳೂ ಹೋದಳು. ಹೋಗುವ ಮೊದಲು ನನಗೆ ಹೇಳಿಯೇ ಹೋದಳು, ಕದ್ದು ಹೋಗಲಿಲ್ಲ. ಅಲ್ಲಿ ನಾಲ್ಕು ಕಂಬ ನೆಟ್ಟು ಬಂದಿದ್ದೇನೆ, ಮೇಲೆ ಹುಲ್ಲು ಹೊದಿಸಬೇಕು ಅಂದಳು. ನನಗೆ ಮೈಯೆಲ್ಲ ಉರಿಯಿತು. ಒಂದು ಕಚೇರಿಯ ಬೋರ್ಡುಗಳ ಆರ್ಡರು ಕೈಗೆ ಬರುವುದರಲ್ಲಿತ್ತು. ಮೊದಲನೆಯದನ್ನು ಹಚ್ಚಿ ಮೆಚ್ಚಿಸಿದರೆ ಉಳಿದವೆಲ್ಲ ನನಗೇ ಎಂದಿದ್ದರು. ಗೊತ್ತಿದ್ದೂ ಹೊರಟಳಲ್ಲ ಎಂದು ಬಾಯಿಗೆ ಬಂದ ಹಾಗೆ ಅಂದೆ. ಒಂದು ವಾರ ಅವಳು ಬರಲಿಲ್ಲ. ಮೊದಲನೆಯ ಬೋರ್ಡನ್ನು ನಾನೇ ಹಚ್ಚಿದೆ. ಕಾಗದ ಅರ್ಧಕ್ಕೆ ಹರಿಯಿತು. ಯಾರಿಗೆ ಕಾಣುತ್ತದೆ ಎಂದು ಹಾಗೇ ಒತ್ತಿ ಬಂದೆ.

ಆ ವಾರದ ಕೊನೆಯಲ್ಲಿ ಪೊಲೀಸರು ಕಾಡಿನೊಳಗೆ ನುಗ್ಗಿದರು. ಗುಡಿಸಲುಗಳು ಉರಿದವು, ಗುಂಡಿನ ಸದ್ದಾಯಿತು. ಓಡಿ ಬಂದವರನ್ನು ಹಾಡಿಗಳಲ್ಲಿ ಹುಡುಕಿ ಹಿಡಿಯತೊಡಗಿದರು. ಒಂದೇ ದಾರಿಯಿತ್ತು. ಕೆಲಸ ಕೊಟ್ಟವನು ಬಂದು, ಇದು ನಮ್ಮ ಆಳು, ಆ ವಾರವೆಲ್ಲ ನಮ್ಮ ತೋಟದಲ್ಲೇ ಇತ್ತು ಎಂದರೆ ಬಿಟ್ಟುಬಿಡುತ್ತಿದ್ದರು. ಎಷ್ಟೋ ತೋಟದವರು ಆ ಒಂದು ಸುಳ್ಳನ್ನು ಹೇಳಿದರು. ನಕ್ಸಲರ ಕಾಲ ಕಂಡಿದ್ದ ನಮ್ಮಪ್ಪ ಮಾತ್ರ, ಖಾಕಿಯ ಮುಂದೆ ಯಾರ ಪರವಾಗಿಯೂ ಬಾಯಿ ಬಿಡಬೇಡ ಎನ್ನುತ್ತಿದ್ದರು.

ಗುಡಿಸಲುಗಳು ಉರಿದ ಎರಡನೆಯ ದಿನ ಬೆಳಿಗ್ಗೆ ಅವಳು ಅಂಗಡಿಯ ಹಿಂಬಾಗಿಲಿಗೆ ಬಂದಳು. ಸೀರೆಯಂಚು ಸುಟ್ಟಿತ್ತು.

"ಆ ವಾರ ನಿನ್ ಪಣೀಲೇ ಇದ್ದೆ ಅಂತ ಒಂದ್ ಮಾತ್ ಹೇಳಣ್ಣ. ಇನ್ನೇನೂ ಬ್ಯಾಡ."

ಆಗಲಿ, ನೀನು ನನ್ನ ಕೆಲಸದಲ್ಲೇ ಇದ್ದೆ ಎಂದು ಹೇಳುತ್ತೇನೆ, ಒಳಗೆ ಕೂತು ಕೆಲಸ ಮಾಡು ಅಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ. ಅವಳು ನೆಲದ ಮೇಲೆ ಕೂತು ಟೇಪು ಬಿಡಿಸತೊಡಗಿದಳು.

ಹತ್ತು ಗಂಟೆಯ ಹೊತ್ತಿಗೆ ಆ ಕಚೇರಿಯ ಹಿರಿಯ ಗುಮಾಸ್ತ ಬಂದ. ಕಂಕುಳಲ್ಲಿ ನನ್ನ ಬೋರ್ಡು. ಭೂಮಿಯ ಅರ್ಜಿಗಳನ್ನು ಇಲ್ಲಿ ಕೊಡುವುದು ಎಂದು ಮಲಯಾಳಂನಲ್ಲಿ ಬರೆದದ್ದು. ಬಿದ್ದು ಒಂದು ಮೂಲೆ ಮುರಿದಿತ್ತು. ಬೆನ್ನ ಹಿಂದೆ ಹಸಿರು ಕಾಗದ ಅರ್ಧ ಹಾಗೇ ಇತ್ತು. ಅವನು ಕೂಗಾಡುತ್ತಿರುವಾಗಲೇ ಅಂಗಡಿ ಅಂಗಡಿ ವಿಚಾರಿಸುತ್ತ ಬರುತ್ತಿದ್ದ ಇಬ್ಬರು ಪೊಲೀಸರು ಬಾಗಿಲಿಗೆ ಬಂದರು. ದೊಡ್ಡವನು ನೆಲದಲ್ಲಿ ಕೂತವಳನ್ನು ನೋಡಿ, ಇವಳು ಆ ವಾರ ಎಲ್ಲಿದ್ದಳು ಎಂದು ಕೇಳಿದ. ಇಲ್ಲೇ ಇದ್ದಳು, ಕೆಲಸ ಮಾಡುತ್ತಿದ್ದಳು ಅಂದೆ. ಅಲ್ಲಿಗೆ ಮುಗಿಯಬೇಕಿತ್ತು.

ಗುಮಾಸ್ತ ಬಿಡಲಿಲ್ಲ. ಓಹೋ, ಹಾಗಾದರೆ ಇದು ಇವಳ ಕೈಕೆಲಸವೋ, ಇಂಥವರಿಂದ ಹಚ್ಚಿಸಿದರೆ ಬೀಳದೆ ಇನ್ನೇನು, ಉಳಿದ ಬೋರ್ಡುಗಳು ಮಾನಂತವಾಡಿಯ ಅಂಗಡಿಗೆ ಹೋಗುತ್ತವೆ ಎಂದ. ಅವಳು ತಟ್ಟನೆ ತಲೆಯೆತ್ತಿದಳು.

"ನಾನೇ ಹಚ್ಚಿದ್ದು ಸಾರ್. ನಂದೇ ತಪ್ಪು."

ನಾನು ಹೂಂ ಅನ್ನಬೇಕಿತ್ತು. ಆ ತಪ್ಪನ್ನು ಅವಳ ತಲೆಗೆ ಕಟ್ಟಿದ್ದರೆ ಅವಳು ಉಳಿಯುತ್ತಿದ್ದಳು, ಹೋಗುತ್ತಿದ್ದದ್ದು ಒಂದು ಆರ್ಡರು. ಸಿಟ್ಟಿನಲ್ಲಿ ಬಾಯಿ ತಪ್ಪಿತು ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಅದು ಹಸಿ ಸುಳ್ಳು. ಪೊಲೀಸರು ಬಾಗಿಲಲ್ಲಿರುವುದನ್ನು ನೋಡಿಕೊಂಡೇ, ಲೆಕ್ಕ ಹಾಕಿಯೇ ಹೇಳಿದೆ.

"ಇಲ್ಲ ಸಾರ್. ಇವಳು ಹಚ್ಚಿದ್ರೆ ಬೀಳ್ತಾನೇ ಇರಲಿಲ್ಲ. ಆ ವಾರ ಇವಳು ಇರಲಿಲ್ಲ, ನಾನೇ ಹಚ್ಚಿದ್ದು. ಇನ್ಮೇಲೆ ಇವಳೇ ಹಚ್ತಾಳೆ."

ಪೊಲೀಸನಿಗೆ ಇನ್ನೇನೂ ಕೇಳುವುದಿರಲಿಲ್ಲ. ಎದ್ದೇಳು ಎಂದ. ಅವಳು ಎದ್ದಳು. ಅರ್ಧ ಬಿಡಿಸಿದ್ದ ಟೇಪಿನ ಕಾಗದವನ್ನು, ಅಂಟಿಗೆ ದೂಳು ಕೂರದಂತೆ, ಮತ್ತೆ ಮುಚ್ಚಿ ಬೆರಳಿನಿಂದ ಸವರಿ ಇಟ್ಟಳು. ನನ್ನ ಕಡೆ ನೋಡದೆ ಅವರ ಮುಂದೆ ನಡೆದಳು. ಆರ್ಡರು ನನಗೇ ಸಿಕ್ಕಿತು.

ಎರಡು ತಿಂಗಳಾದ ಮೇಲೆ, ಮಳೆ ಹಿಡಿದ ಒಂದು ಬೆಳಿಗ್ಗೆ, ಅವಳು ಮುಂಬಾಗಿಲಿನಿಂದಲೇ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಾನು ಕೈ ಚಾಚಲಿಲ್ಲ. ಅವಳೇ ಬಲಗೈ ಹೆಬ್ಬೆರಳನ್ನು ಮೇಜಿನ ಮೇಲೆ, ನನ್ನ ಮುಂದೆ ಇಟ್ಟಳು.

"ನೋಡ್ಕೊ, ಮೊದಲಾಳಿ."

ಅಷ್ಟು ವರ್ಷ ಅಣ್ಣ ಎಂದವಳು ಅವತ್ತು ತೋಟದ ಧಣಿಗಳನ್ನು ಕರೆಯುವ ಹಾಗೆ ಕರೆದಳು. ಉಗುರು ಇರಲಿಲ್ಲ. ಅದಿದ್ದ ಜಾಗದಲ್ಲಿ ಕಪ್ಪಗೆ ಸುಕ್ಕುಗಟ್ಟಿದ ಚರ್ಮವಿತ್ತು. ಠಾಣೆಯಲ್ಲಿ ಯಾರು, ಹೇಗೆ ಕಿತ್ತರು ಎಂದು ನಾನು ಕೇಳಲಿಲ್ಲ. ಮೇಜಿನ ಮೇಲೆ ಅದೇ ಅರ್ಜಿಯ ಬೋರ್ಡು, ಹೊಸದಾಗಿ ಮಾಡಿದ್ದು, ಬಿದ್ದಿತ್ತು. ಅವಳಿಲ್ಲದ ದಿನಗಳಲ್ಲಿ ಅದನ್ನು ಎರಡು ಸಲ ಹಚ್ಚಿದ್ದೆ, ಎರಡು ಸಲವೂ ಕಳಚಿತ್ತು. ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಇಲ್ಲಿಯವರೆಗೆ ಹೆಂಡತಿಗೂ ಹೇಳಿಲ್ಲ.

"ಎಡಗೈಯಲ್ಲಿ ಆಗುತ್ತಾ?"

ಅವಳು ಬಲಗೈಯನ್ನು ಮೇಜಿನ ಮೇಲಿಂದ ತೆಗೆದಳು. ಆಮೇಲೆ ಬೋರ್ಡು ಎಳೆದುಕೊಂಡಳು. ಎಡಗೈ ಉಗುರು ಗಿಡ್ಡ, ನಾಲ್ಕೈದು ಸಲ ಜಾರಿತು. ಹಟ ಹಿಡಿದು ಕೆರೆದಳು. ಕೊನೆಗೆ ಕಾಗದ ಎದ್ದಿತು. ಎರಡು ಬೆರಳಿನಷ್ಟು ಬಿಡಿಸಿ, ಅಂಚಿನಿಂದ ಹೊರಕ್ಕೆ ಮಡಚಿ, ಬೋರ್ಡನ್ನು ನನ್ನ ಕಡೆಗೆ ತಳ್ಳಿದಳು.

"ಬಾಲ ಬಿಟ್ಟಿದೀನಿ. ಎಳಿಯೋದು ನೀನೇ ಎಳ್ಕೊ" ಎಂದು ಮಳೆಯಲ್ಲೇ ಹೊರಟುಹೋದಳು. ಮತ್ತೆ ಅಂಗಡಿಗೆ ಬರಲಿಲ್ಲ.

ನಾನೇ ಎಳೆದೆ. ಬೋರ್ಡು ಇವತ್ತಿಗೂ ಬಿದ್ದಿಲ್ಲ. ಕೆಲವು ವರ್ಷಗಳ ಮೇಲೆ ಏನೋ ಕೆಲಸಕ್ಕೆಂದು ಆ ಕಚೇರಿಗೆ ಹೋದಾಗ ಅದರ ಕೆಳಗೆ ಉದ್ದ ಸಾಲು ನಿಂತಿತ್ತು. ಸಾಲಿನ ಕೊನೆಯಲ್ಲಿ ಅವಳಿದ್ದಳು. ಅರ್ಜಿಯ ಕಾಗದವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಹೋದ ಕೆಲಸವನ್ನು ಬಿಟ್ಟು ಮನೆಗೆ ಬಂದೆ.