ಕುಳ್ಳ ಅಲಸಂದೆ ಗಿಡ

ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರು. ದಂಟನ್ನು ಬ್ಲೇಡಿನಲ್ಲಿ ಸೀಳಿ ಎಂದು ನಮಗೆ ಹೇಳಿ, ತಾವು ಮಾತ್ರ ಉಗುರಿನಲ್ಲೇ ಸೀಳುತ್ತಿದ್ದರು. ಆಂಧ್ರದ ಗಡಿಯ ಮೊಳಕಾಲ್ಮುರಿನವರು, ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. "ಗಿಡ ಸುಳ್ಳು ಹೇಳಲ್ಲ ಕಣ್ರೋ, ಬರೆಯೋರು ಹೇಳ್ತಾರೆ" ಎನ್ನುವುದು ಅವರ ಮಂತ್ರ.

ತೊಂಬತ್ತರ ದಶಕ. ನಾನು ನಾಯಕನಹಟ್ಟಿ ಕಡೆಯಿಂದ ಚಳ್ಳಕೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕುರಿ ಸಾಕುವ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಆ ಜಂಬವೂ ಇತ್ತು ಅನ್ನಿ. ಆ ವರ್ಷ ಮೇಷ್ಟ್ರು ಎಲ್ಲರಿಗೂ ಒಂದೇ ಬೀಜ, ಒಂದೇ ಮಣ್ಣು ಕೊಟ್ಟು, ಮನೆಯಲ್ಲಿ ಅಲಸಂದೆ ಬೆಳೆಸಿ ತನ್ನಿ ಎಂದರು. ಎಲ್ಲರ ಗಿಡಗಳೂ ಉದ್ದಕ್ಕೆ ಎದ್ದಿದ್ದವು. ನನ್ನದು ಮಾತ್ರ ಕುಳ್ಳ, ದಪ್ಪ ದಂಟು.

"ನೀರೇ ಹಾಕಿಲ್ಲ ನೀನು."

"ದಿನಾ ಹಾಕೀನಿ ಸರ್."

"ಅಬದ್ಧಾಲು ಚೆಪ್ಪಕು! ಸುಳ್ಳು ಹೇಳ್ಬೇಡ, ಸುಳ್ಳಿ!"

ಇಡೀ ಕ್ಲಾಸು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಕುಂಡ ಅಲ್ಲೇ ಬಿಟ್ಟು ಬಸ್ಸು ಹತ್ತಿದವಳು ಮತ್ತೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. "ಹೋಗ್ಲಿ ಬಿಡವ್ವ, ಕುರಿ ಕಾಯಕ್ಕೆ ಓದು ಬೇಕಾ?" ಎಂದು ಅಪ್ಪ ಸಮಾಧಾನ ಹೇಳಿದ. ನನ್ನ ಓದು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ.

ಕೆಲವು ವಾರಗಳ ನಂತರ ಒಂದು ಸಂಜೆ ಮೇಷ್ಟ್ರು ನಮ್ಮ ಹಟ್ಟಿಗೆ ಬಂದರು. ಕೈಯಲ್ಲಿ ಸಂತೆಪೇಟೆಯ ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ವಿಜ್ಞಾನ ಪತ್ರಿಕೆ. ಅವ್ವ ಕುರಿಮರಿಗಳನ್ನು ಒಳಗೆ ಬಿಡುತ್ತ ಒಂದೊಂದರ ತಲೆ ಸವರಿ ಎಣಿಸುತ್ತಿದ್ದಳು. ಬರೀ ಕಣ್ಣಲ್ಲಿ ಎಣಿಸಿದರೆ ದೃಷ್ಟಿಯಾಗುತ್ತದೆಂದು ನಮ್ಮಲ್ಲಿ ಹಾಗೆ. ಮೇಷ್ಟ್ರು ನೋಡುತ್ತ ನಿಂತುಬಿಟ್ಟರು, ಆಮೇಲೆ ನನ್ನನ್ನು ಕೇಳಿದರು.

"ಗಿಡಾನೂ ಹಿಂಗೇ ಮುಟ್ತಿದ್ಯೇನಮ್ಮಾ?"

"ಹೂಂ. ಸಾಕಿದ್ದಲ್ವಾ? ಬೆಳಿಗ್ಗೆ ಸಂಜೆ ಸವರ್ತಿದ್ದೆ."

ಅವರು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು. ಹೊರದೇಶದ ಲ್ಯಾಬೊಂದರಲ್ಲಿ, ಯಾವ ಜೀನು ಎಚ್ಚರಾಗುತ್ತದೆಂದು ನೋಡಲು ಗಿಡಗಳಿಗೆ ಹಾರ್ಮೋನು ಸಿಂಪಡಿಸಿದ್ದರಂತೆ. ಬರೀ ನೀರು ಸಿಂಪಡಿಸಿದ ಗಿಡದೊಳಗೂ ಅವೇ ಜೀನುಗಳು ಎಚ್ಚೆತ್ತವಂತೆ. ಕೊನೆಗೆ ಕೈಯಲ್ಲಿ ಮುಟ್ಟಿ ನೋಡಿದರೆ ಆಗಲೂ ಹಾಗೇ! "ಮುಟ್ಟಿದ್ದು ಗಿಡಕ್ಕೆ ಗೊತ್ತಾಗ್ತೈತೆ. ಮುಟ್ತಾನೇ ಇದ್ರೆ ಎತ್ತರ ಬಿಟ್ಟು ಗಟ್ಟಿ ಆಗ್ತೈತೆ. ಇದನ್ನ ಓದಿದಾಗಿಂದ ನಿದ್ದೆ ಇಲ್ಲ. ತಪ್ಪು ನಂದು ತಾಯೀ."

ಅವ್ವ ಕರಗುವ ಪೈಕಿಯಲ್ಲ. "ಬೈದಿದ್ದು ಅಷ್ಟು ಮಂದಿ ಮುಂದೆ. ಇಲ್ಲಿ ಕುರಿ ಮುಂದೆ ನಿಂತು ತಪ್ಪಾತು ಅಂದ್ರೆ ಹೆಂಗ್ರೀ?"

"ನಾಳೆ ಕಳ್ಸಿ ಅವ್ವಾ" ಎಂದು ಎದ್ದು ಹೋದರು.

ಮರುದಿನ ಇಡೀ ಕ್ಲಾಸಿನ ಮುಂದೆ, "ಗಿಡ ನಿಜಾನೇ ಹೇಳ್ತಿತ್ತು. ಓದಕ್ಕೆ ಬರದೆ ಇದ್ದೋನು ನಾನು" ಎಂದರು. ಆಮೇಲೆ ನನ್ನತ್ತ ತಿರುಗಿ, "ಕ್ಷಮಿಸ್ತೀಯಾ?" ಎಂದು ಕೇಳಿದರು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಇನ್ನೊಂದಿಷ್ಟು ಬೇಯಲಿ ಎಂಬ ಹಟ. ಅವರು ಸೀಮೆಸುಣ್ಣ ಎತ್ತಿಕೊಂಡು ಪಾಠಕ್ಕೆ ತಿರುಗಿದರು.

ಆಮೇಲೆ ನನ್ನನ್ನು ಬೆನ್ನು ಹತ್ತಿ ಓದಿಸಿದರು. ನಾನೂ ಅದೇ ವಿಷಯ ಓದಿ ದೇವಸಮುದ್ರದ ಕಡೆ ಟೀಚರಾದೆ. ಅವರ ಮನೆಗೆ ಹೋಗಿ ಎಷ್ಟೋ ಸಲ ಊಟ ಮಾಡಿ ಬಂದಿದ್ದೇನೆ. ಆ ಕ್ಷಮೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಳೇ ಮಾತು, ಅವರು ಮರೆತಿರುತ್ತಾರೆ ಅಂದುಕೊಂಡಿದ್ದೆ. ಎಂಥ ಹುಂಬತನ ನನ್ನದು!

ಅವರು ತೀರಿಕೊಂಡಾಗ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ನನ್ನ ಗುರುತೇ ಇಲ್ಲದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಪ್ರತಿ ವರ್ಷ ಮೊದಲನೇ ಕ್ಲಾಸಲ್ಲಿ ಸರ್ ಒಂದು ಕುಳ್ಳ ಅಲಸಂದೆ ಗಿಡದ ಕತೆ ಹೇಳೋರು. ನಿಜ ಹೇಳಿದ ಹುಡುಗೀನ ಸುಳ್ಳಿ ಅಂದ್ಬಿಟ್ಟೆ ಅನ್ನೋರು. ಆಯಮ್ಮ ಕ್ಷಮಿಸಿದ್ರಾ ಸರ್ ಅಂತ ನಾವು ಕೇಳಿದ್ರೆ, 'ಇನ್ನೂ ಇಲ್ಲಮ್ಮಾ' ಅಂತಿದ್ರು."

ನಾನು ಹಿಂದಿನ ಬೆಂಚಿನಲ್ಲಿದ್ದೆ. ಅವತ್ತೂ ಕಿಟಕಿಯ ಕಡೆಗೇ ಮುಖ ಮಾಡಿದೆ.