ತರಬೇತಿ ಮುಗಿಯದ ದೊಡ್ಡಮ್ಮ

ನಮ್ಮ ದೊಡ್ಡಮ್ಮನಷ್ಟು ತರಬೇತಿ ಪಡೆದ ಹೆಂಗಸು ಈ ಭೂಮಿಯ ಮೇಲೆ ಇನ್ನೊಬ್ಬಳಿದ್ದರೆ ತೋರಿಸಿ, ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ. ಹೊಲಿಗೆ, ಕಸೂತಿ, ಅಣಬೆ ಬೇಸಾಯ, ಜಾಮ್ ತಯಾರಿಕೆ, ಕಾಗದದ ಚೀಲ, ಕಂಪ್ಯೂಟರ್, ನಾಯಕತ್ವ. ಹೌದು, ನಾಯಕತ್ವವೂ. ಇಷ್ಟೆಲ್ಲ ಕಲಿತ ಆಕೆಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಕಂಪ್ಯೂಟರನ್ನು ಧೂಳು ಒರೆಸಲು ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಮುಟ್ಟಿದವಳಲ್ಲ. ಅಣಬೆ ಕಂಡರೆ ಮುಖ ಹಿಂಡುತ್ತಾಳೆ. ಆಕೆ ದಿನವಿಡೀ ಮಾಡುವುದು ಮುದುಕರನ್ನು ನೋಡಿಕೊಳ್ಳುವ ಕೆಲಸ. ಅದಕ್ಕೆ ಮಾತ್ರ ಆಕೆಗೆ ಯಾರೂ ಯಾವತ್ತೂ ತರಬೇತಿ ಕೊಟ್ಟಿಲ್ಲ.

ದೊಡ್ಡಮ್ಮ ನನಗೇನೂ ಸಂಬಂಧಿಯಲ್ಲ. ಕೇಂದ್ರದಲ್ಲಿ ಎಲ್ಲರಿಗೂ ಆಕೆ ದೊಡ್ಡಮ್ಮ, ಅಲ್ಲಿಗೆ ಬರುವ, ಆಕೆಯ ಅಪ್ಪನ ವಯಸ್ಸಿನ ಮೇಷ್ಟ್ರಿಗೂ. ಕೇಂದ್ರ ಅಂದರೆ ನನ್ನ ನಾದಿನಿ ನಡೆಸುವ ಹಗಲು ಮನೆ. ಕೆಲಸಕ್ಕೆ ಹೋಗುವವರು ಬೆಳಗ್ಗೆ ತಮ್ಮ ಅಪ್ಪ ಅಮ್ಮನನ್ನು ತಂದು ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಾರೆ. ಪುಕ್ಕಟೆ. ನನ್ನ ಅತ್ತೆಯೂ ಅಲ್ಲೇ ಹಗಲು ಕಳೆಯುತ್ತಾರೆ. ಮಗಳ ಸಂಸ್ಥೆ ಎಂಬ ಹೆಮ್ಮೆ ಅವರಿಗೆ, ಸಂಜೆಯವರೆಗೆ ಮನೆ ತಣ್ಣಗಿರುತ್ತದೆಂಬ ಸಂತೋಷ ನನಗೆ. ಹಾಗಾಗಿ ಈ ವಿಷಯದಲ್ಲಿ ನಾನು ದೊಡ್ಡ ನಿಷ್ಪಕ್ಷಪಾತಿ ಎಂದೇನೂ ತಿಳಿಯಬೇಡಿ.

ನಾದಿನಿ ಕೆಟ್ಟವಳಲ್ಲ. ದಾನಿಗಳೂ ಕೆಟ್ಟವರಲ್ಲ, ಪಾಪ. ಅವರಿಗಿರುವುದು ಒಂದು ಚಟ, ಅಷ್ಟೆ: ಕೊಟ್ಟದ್ದು ಕಣ್ಣಿಗೆ ಕಾಣಬೇಕು, ಅದರ ಮೇಲೆ ಹೆಸರು ಬರೆಯಲು ಜಾಗವಿರಬೇಕು. ಕೇಂದ್ರದ ಫ್ಯಾನುಗಳ ಮೂರೂ ರೆಕ್ಕೆಗಳ ಮೇಲೆ ಒಬ್ಬ ದಾನಿಯ ಹೆಸರಿದೆ. ಕರೆಂಟು ಬಿಲ್ಲಿನ ಮೇಲೆ ಹೆಸರು ಬರೆಯಲಾಗುವುದಿಲ್ಲವಲ್ಲ, ಅದನ್ನು ಯಾರೂ ಕಟ್ಟುವುದಿಲ್ಲ. ಹೀಗಾಗಿ ಫ್ಯಾನು ಆಗಾಗ ನಿಂತಿರುತ್ತದೆ, ನಿಂತಾಗ ಹೆಸರು ಸೊಗಸಾಗಿ ಓದಲು ಬರುತ್ತದೆ, ದಾನಿಗೂ ತೃಪ್ತಿ. ಒಳಕೋಣೆಯಲ್ಲಿ ಐದು ಹೊಲಿಗೆ ಯಂತ್ರಗಳಿವೆ. ಅವುಗಳ ಮೇಲೆ ಮುದುಕರ ಔಷಧಿ ಬಾಟಲಿ, ಕನ್ನಡಕ, ಹಲ್ಲಿನ ಸೆಟ್ಟು ಇಡುತ್ತಾರೆ. ಅಣಬೆ ಬೆಳೆಸಲು ಬಂದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒದ್ದೆ ಹೊದಿಕೆಗಳು ಒಣಗುತ್ತವೆ.

ಇಷ್ಟೆಲ್ಲ ಕೊಟ್ಟವರಿಗೆ, "ಒಬ್ಬ ಆಯಾಗೆ ಸಂಬಳ ಕೊಡ್ತೀರಾ?" ಅಂದರೆ ಮುಖದ ಬಣ್ಣವೇ ಬದಲಾಗುತ್ತಿತ್ತು. "ಸಂಬಳ, ಬಾಡಿಗೆ ಎಲ್ಲ ಆಡಳಿತ ಖರ್ಚು ಮೇಡಂ. ನಮ್ಮ ದುಡ್ಡು ನೇರವಾಗಿ ಜನಕ್ಕೆ ತಲುಪಬೇಕು." ದೊಡ್ಡಮ್ಮ ಜನರಲ್ಲಿ ಸೇರುವುದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತೋ ನಾ ಕಾಣೆ.

ಆಗ ನಾದಿನಿ ಒಂದು ಉಪಾಯ ಹೂಡಿದಳು. ಸಂಬಳಕ್ಕೆ ದುಡ್ಡಿಲ್ಲ, ಆದರೆ ತರಬೇತಿಗೆ ಬಂದ ಬಡ ಮಹಿಳೆಗೆ ಭತ್ಯೆ ಕೊಡಲು ಎಲ್ಲರೂ ನಾ ಮುಂದು ತಾ ಮುಂದು. ಸರಿ, ದೊಡ್ಡಮ್ಮ ಹೊಲಿಗೆ ತರಬೇತಿಗೆ ಸೇರಿದಳು. ಬೆಳಗ್ಗೆಯಿಂದ ಸಂಜೆಯವರೆಗೆ ಮುದುಕರ ಸ್ನಾನ, ಊಟ, ಉಗುರು, ಔಷಧಿ. ತಿಂಗಳ ಕೊನೆಗೆ ಹೊಲಿಗೆ ಕಲಿತದ್ದಕ್ಕೆ ಭತ್ಯೆ. ಯೋಜನೆ ಮುಗಿದಾಗ ಒಂದು ಸರ್ಟಿಫಿಕೇಟು, ಒಂದು ಫೋಟೋ, ಮಾರನೆಯ ದಿನದಿಂದ ಕಸೂತಿ. ಹೀಗೆ ವರ್ಷಗಳು ಉರುಳಿದವು.

ದೊಡ್ಡಮ್ಮ ಯಾವತ್ತೂ ತುಟಿ ಪಿಟಕ್ಕೆನ್ನಲಿಲ್ಲ. ಫೋಟೋಗೆ ಕರೆದಾಗ ಬಂದು ನಿಲ್ಲುತ್ತಿದ್ದಳು. ದಾನಿಗಳು ಬಂದಾಗ ನಾದಿನಿ ಹೇಳಿಕೊಟ್ಟದ್ದನ್ನು ಗಿಳಿಪಾಠ ಒಪ್ಪಿಸುತ್ತಿದ್ದಳು: "ನಾನು ಮೊದಲು ತುಂಬಾ ಕಷ್ಟದಲ್ಲಿದ್ದೆ. ಇಲ್ಲಿ ತರಬೇತಿ ಸಿಕ್ತು. ಈಗ ನನ್ನ ಕಾಲ ಮೇಲೆ ನಾನು ನಿಂತಿದ್ದೀನಿ." ದಾನಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ಆಕೆ ತನ್ನ ಕಾಲ ಮೇಲೆ ಹಗಲೆಲ್ಲ ನಿಂತೇ ಇರುತ್ತಿದ್ದಳು, ಆ ಮಾತು ಸುಳ್ಳಲ್ಲ. ಮಂಡಿ ಸವೆದದ್ದು ಸುಮ್ಮನೆಯಾ?

ಕಳೆದ ತಿಂಗಳು ದೊಡ್ಡಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ನಾದಿನಿಯ ಮೇಜಿನ ಮುಂದೆ ಬಂದು ನಿಂತಳು. ನಾನೂ ಅಲ್ಲೇ ಇದ್ದೆ.

"ಮೇಡಂ, ಆ ಹೊಸ ಆಸ್ಪತ್ರೆ ಇದೆಯಲ್ಲ, ಅಲ್ಲಿ ಆಯಾ ಕೆಲಸ ಇದೆ ಅಂದ್ರು. ಮುಂದಿನ ಸೋಮವಾರದಿಂದ ಬಾ ಅಂದಿದ್ದಾರೆ."

ನಾದಿನಿಯ ಕೈಯಲ್ಲಿದ್ದ ಟೀ ಕಪ್ಪು ಅರ್ಧದಲ್ಲೇ ನಿಂತಿತು. "ಯಾಕೆ ದೊಡ್ಡಮ್ಮ? ಇಲ್ಲಿ ಏನು ಕಡಿಮೆಯಾಯ್ತು?"

"ಏನೂ ಇಲ್ಲ. ಮೊಮ್ಮಗಳು ಕಾಲೇಜು ಸೇರಿದ್ಲು. ಅಜ್ಜಿ ಏನ್ ಮಾಡ್ತಾರೆ ಅಂತ ಅವಳ ಸ್ನೇಹಿತೆಯರು ಕೇಳಿದ್ರಂತೆ. ಕಲೀತಾ ಇದ್ದಾರೆ ಅಂದ್ಲಂತೆ. ಎಲ್ರೂ ನಕ್ಕರಂತೆ." ಆಕೆಯೂ ಸ್ವಲ್ಪ ನಕ್ಕಳು. "ನನಗೂ ಒಂದು ಕೆಲಸ ಅಂತ ಇರಲಿ ಮೇಡಂ. ನೀವೇ ಕೊಡೋ ಹಾಗಿದ್ರೆ ಕೊಡಿ, ನಾನು ಎಲ್ಲಿಗೂ ಹೋಗಲ್ಲ. ಇಲ್ಲ ಅಂದ್ರೆ ಸೋಮವಾರದಿಂದ ಬರಲ್ಲ."

ಅತ್ತೆ ಹಗಲೂ ಮನೆಯಲ್ಲಿರುವ ಚಿತ್ರ ಕಣ್ಣಮುಂದೆ ಬಂತು, ಅದನ್ನೇಕೆ ಮುಚ್ಚಿಡಲಿ? ಆದರೆ ಅದೊಂದೇ ಅಲ್ಲ. ಮೇಷ್ಟ್ರು ಮಾತು ಬಿಟ್ಟು ಎಷ್ಟೋ ಕಾಲವಾಯಿತು. ದೊಡ್ಡಮ್ಮನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ಒಂದು ತುತ್ತು ತಿನ್ನುವುದಿಲ್ಲ. ಆಕೆ ಹೋದರೆ ಆ ಮನೆಯ ಬಾಗಿಲು ಹಾಕುವುದೇ ಸೈ. "ಸೋಮವಾರಕ್ಕೆ ಇನ್ನೂ ದಿನ ಇದೆ, ನೋಡೋಣ ಇರಿ," ಅಂದಳು ನಾದಿನಿ.

ಅದೇ ವಾರ ಊರಿನ ಫೌಂಡೇಶನ್ನಿನಿಂದ ಫೋನ್ ಬಂತು. ಇದು ದೂರದ ದೊಡ್ಡವರದ್ದಲ್ಲ. ಊರಿನ ಅಂಗಡಿಯವರು, ಡಾಕ್ಟರುಗಳು, ನಿವೃತ್ತರು ಸೇರಿ ಒಂದು ನಿಧಿ ಕಟ್ಟಿ, ಅದರ ಬಡ್ಡಿಯನ್ನು ಊರಿನ ಸಣ್ಣ ಸಂಸ್ಥೆಗಳಿಗೇ ಹಂಚುತ್ತಾರೆ. ಫೋನಿನಲ್ಲಿ ಹೇಳಿದ್ದು ಇಷ್ಟು: ಹೊಸ ಯೋಜನೆ ಏನೂ ಬೇಡ, ನಿಮ್ಮ ಸಂಸ್ಥೆ ನಡೆಯಲು ಏನು ಬೇಕೋ ಅದಕ್ಕೆ ಬಳಸಿಕೊಳ್ಳಿ. ಬಾಡಿಗೆ ಆಗಲಿ, ಸಂಬಳ ಆಗಲಿ, ನಿಮ್ಮಿಷ್ಟ. ನಮ್ಮವರೊಬ್ಬರು ಶುಕ್ರವಾರ ಬಂದು ನೋಡಿ ಹೋಗುತ್ತಾರೆ.

ನನಗೆ ಕುಣಿಯುವಷ್ಟು ಖುಷಿ. ನಾದಿನಿ ಮಾತ್ರ ಹುಬ್ಬು ಗಂಟಿಕ್ಕಿ ಕೂತಳು.

"ಅತ್ತಿಗೆ, ನೀವು ಇದನ್ನ ನಂಬ್ತೀರಾ? ಇದು ಪರೀಕ್ಷೆ. ಸಂಬಳ ಕೊಡಿ ಅಂತ ಕೇಳ್ತಾಳಾ ಇಲ್ವಾ ಅಂತ ನೋಡೋಕೆ ಬರ್ತಾರೆ. ಬಾಯಿಬಿಟ್ಟೋರನ್ನ ಮೊದಲು ಹೊರಗೆ ಹಾಕ್ತಾರೆ."

"ಅಯ್ಯೋ, ಅವರೇ ಹೇಳಿದ್ರಲ್ಲೇ ಸಂಬಳಕ್ಕೆ ಅಂತ!"

"ನನಗೆ ಈ ದಾನಿಗಳು ಇವತ್ತು ನಿನ್ನೆ ಗೊತ್ತಾ? ನೀವು ಸುಮ್ನಿರಿ."

ಇಪ್ಪತ್ತು ವರ್ಷದಿಂದ ಸಂಬಳವನ್ನು ಜಾಮ್ ಎಂದು, ಬಾಡಿಗೆಯನ್ನು ಜಾಗೃತಿ ಎಂದು ಬರೆದು ಬರೆದು ಇವಳಿಗೆ ನೆಟ್ಟಗೆ ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಬಾಯಾರಿದಾಗ ನೀರು ಕೇಳಲೂ ಒಂದು ಯೋಜನೆ ಬರೆಯುವಳೇನೋ!

ಶುಕ್ರವಾರ ಕೇಂದ್ರಕ್ಕೆ ಮದುಮಗಳ ಕಳೆ. ಔಷಧಿ ಬಾಟಲಿಗಳೆಲ್ಲ ಮಾಯ, ಹೊಲಿಗೆ ಯಂತ್ರಗಳು ಫಳಫಳ. ದೊಡ್ಡಮ್ಮನಿಗೆ ಇಸ್ತ್ರಿ ಬಟ್ಟೆ ಉಡಿಸಿ ಒಂದು ಯಂತ್ರದ ಮುಂದೆ ಕೂರಿಸಲಾಯಿತು. ಈ ಸಲ ಮೇಣದಬತ್ತಿ ತರಬೇತಿಗೆ ಅರ್ಜಿ ಹಾಕುವುದು ನಾದಿನಿಯ ಯೋಚನೆ. "ಮುಂದೆ ಏನು ಕಲೀಬೇಕು ಅಂತಿದ್ದೀರಿ ಅಂತ ಕೇಳಿದ್ರೆ ಮೇಣದಬತ್ತಿ ಅನ್ನಿ." ದೊಡ್ಡಮ್ಮ ತಲೆಯಾಡಿಸಿದಳು. ಆ ದಿನದ ಮಟ್ಟಿಗೆ ಮುದುಕರ ಉಸ್ತುವಾರಿ ನನ್ನದು. ದೇವರೇ ಗತಿ ಅಂದುಕೊಂಡೆ.

ಬಂದಾಕೆ ಬಟ್ಟೆ ಅಂಗಡಿಯ ಯಜಮಾನಿ. ಪೇಟೆಯಲ್ಲಿ ಆಯುಷ್ಯವೆಲ್ಲ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಹಾರ ಬೇಡ, ಫೋಟೋ ಬೇಡ ಅಂತ ಮೊದಲೇ ಹೇಳಿಬಿಟ್ಟರು. ನಾದಿನಿಯ ಸಂಶಯ ಇನ್ನಷ್ಟು ಬಲವಾಯಿತು.

"ನಿಮ್ಮಲ್ಲಿ ಕೆಲಸಕ್ಕೆ ಎಷ್ಟು ಜನ ಇದ್ದಾರೆ?"

"ಒಬ್ಬರೂ ಇಲ್ಲ ಮೇಡಂ," ಅಂದಳು ನಾದಿನಿ, ಎದೆಯುಬ್ಬಿಸಿ. "ಸಂಬಳಕ್ಕೆ ಅಂತ ಒಂದು ಪೈಸೆ ಖರ್ಚು ಮಾಡಲ್ಲ. ಎಲ್ಲ ಸೇವೆ."

ನಾನು ಬಾಗಿಲ ಸಂದಿಯಿಂದ ಕಣ್ಸನ್ನೆ ಮಾಡಿದೆ, ಕೈಸನ್ನೆ ಮಾಡಿದೆ. ಯಾರಿಗೆ? ಗೋಡೆಗೆ.

"ಹಾಗಾದ್ರೆ ಇಷ್ಟು ಜನ ಹಿರಿಯರನ್ನ ನೋಡ್ಕೊಳ್ಳೋರು ಯಾರು?"

"ಎಲ್ಲರೂ ಸೇರಿ ನೋಡ್ಕೋತೀವಿ. ಇವರು ನಮ್ಮ ಫಲಾನುಭವಿ." ನಾದಿನಿ ದೊಡ್ಡಮ್ಮನ ಕಡೆ ಕೈ ತೋರಿಸಿದಳು. ದೊಡ್ಡಮ್ಮ ಎದ್ದು ನಿಂತು ಒಪ್ಪಿಸಿದಳು: "ನಾನು ಮೊದಲು ತುಂಬಾ ಕಷ್ಟದಲ್ಲಿದ್ದೆ. ಇಲ್ಲಿ ತರಬೇತಿ ಸಿಕ್ತು..."

ಅಷ್ಟರಲ್ಲಿ ಹಜಾರದಿಂದ ಅತ್ತೆಯ ಕೂಗು. "ದೊಡ್ಡಮ್ಮಾ! ಎಲ್ಲಿ ಹಾಳಾಗಿ ಹೋದೆಯೇ? ಬಚ್ಚಲಿಗೆ ಕರ್ಕೊಂಡು ಹೋಗು ಅಂತ ಆಗಿಂದ ಬಡ್ಕೋತಿದ್ದೀನಿ!" ಅವರಿಗೆ ಈ ನಾಟಕದ ಸುಳಿವು ಕೊಟ್ಟವರು ಯಾರು? ನಾನು ಓಡಿದೆ. "ನೀನಲ್ಲ, ನೀನು ಬೀಳಿಸ್ತೀಯ," ಅಂತ ನನ್ನ ಕೈ ಕೊಡವಿದರು. ಈ ಕಡೆ ಮೇಷ್ಟ್ರು ನಾನು ಹಿಡಿದ ಚಮಚಕ್ಕೆ ಬಾಯಿ ಬಿಗಿದು ಗೋಡೆ ಕಡೆ ತಿರುಗಿ ಕೂತಿದ್ದರು, ಗಲ್ಲದಿಂದ ಅನ್ನ ಅಂಗಿಯ ಮೇಲೆ ಇಳಿದಿತ್ತು.

ಬಟ್ಟೆ ಅಂಗಡಿಯಾಕೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಆಮೇಲೆ ಚೀಲ ಹೆಗಲಿಗೇರಿಸಿಕೊಂಡರು.

"ನಾನು ಅಂಗಡಿ ನಡೆಸಿದವಳು. ಬಾಡಿಗೆ, ಕರೆಂಟು, ಆಳು ಇಲ್ಲದೆ ಯಾವ ಬಾಗಿಲೂ ತೆರೆಯಲ್ಲ. ಅದಕ್ಕೇ ಅಂತ ನಾವು ದುಡ್ಡು ಇಟ್ಟಿದ್ದೀವಿ. ನಿಮ್ಮಲ್ಲಿ ಆಳೇ ಇಲ್ಲ, ಸಂಬಳವೇ ಇಲ್ಲ ಅಂದ್ಮೇಲೆ ನಮ್ಮ ದುಡ್ಡು ನಿಮಗ್ಯಾಕೆ? ಬೇಕಾದೋರು ಬೇರೆ ಇದ್ದಾರೆ. ಬರ್ತೀನಮ್ಮ."

ನಾದಿನಿ ಇಂಗು ತಿಂದ ಮಂಗನಂತೆ ನಿಂತಳು. ನನಗೆ ಬಂದ ಸಿಟ್ಟಿಗೆ ಅವಳ ಕಿವಿ ಹಿಂಡಿಬಿಡಬೇಕು ಅನ್ನಿಸಿತು.

ಅವರಿಬ್ಬರ ನಡುವಿನಿಂದ ದೊಡ್ಡಮ್ಮ ದಾಟಿ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಅತ್ತೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದಳು, ವಾಪಸು ತಂದು ಕೂರಿಸಿದಳು, ಕೈ ತೊಳೆದು ಬಂದು ಮೇಷ್ಟ್ರ ಪಕ್ಕ ಕುಳಿತಳು. ತಟ್ಟೆ ನನ್ನ ಕೈಯಿಂದ ತೆಗೆದುಕೊಂಡಳು. ಮೇಷ್ಟ್ರು ಈ ಕಡೆ ತಿರುಗಿ ಬಾಯಿ ತೆರೆದರು.

"ಮೇಡಂ," ಅಂದಳು, ತುತ್ತಿನಿಂದ ಕಣ್ಣು ಕೀಳದೆ. "ಸೋಮವಾರದಿಂದ ಇವರಿಗೆ ಬೇರೆ ಯಾರಾದ್ರೂ ಅಭ್ಯಾಸ ಮಾಡಿಸ್ಬೇಕು. ಅವಸರ ಮಾಡಬಾರದು. ಒಂದು ತುತ್ತು ನುಂಗಿದ ಮೇಲೆ ಇನ್ನೊಂದು."

ಆಕೆಯ ದನಿ ಸ್ವಲ್ಪ ಒಡೆಯಿತು.

ನಾದಿನಿಗೆ ಅಲ್ಲಿ ಏನಾಯಿತೋ. ಬಾಗಿಲ ಬಳಿ ಹೋಗಿದ್ದ ಬಟ್ಟೆ ಅಂಗಡಿಯಾಕೆಯ ಕೈಯನ್ನೇ ಹಿಡಿದುಬಿಟ್ಟಳು.

"ನಾನು ಹೇಳಿದ್ದು ಸುಳ್ಳು. ಇವರು ಫಲಾನುಭವಿ ಅಲ್ಲ. ಇವರು ನಮ್ಮ ಕೆಲಸದವರು. ಮೊದಲಿಂದಾನೂ. ಇವರಿಲ್ಲ ಅಂದ್ರೆ ನಾಳೆ ಈ ಬಾಗಿಲು ತೆರೆಯಲ್ಲ. ಸಂಬಳ ಕೊಡ್ತೀನಿ ಅನ್ನೋಕೆ ಯಾರೂ ಬಿಡಲಿಲ್ಲ, ಅದಕ್ಕೆ ಕಲಿಯೋಕೆ ಬಂದೋರು ಅಂತ ಹೇಳ್ತಾ ಬಂದೆ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ."

ಬಟ್ಟೆ ಅಂಗಡಿಯಾಕೆ ಒಂದು ಕುರ್ಚಿ ಎಳೆದುಕೊಂಡು ಕುಳಿತರು. "ಇದನ್ನ ಮೊದಲೇ ಹೇಳಿದ್ರೆ ನನ್ನ ಮಂಡಿನಾದ್ರೂ ಉಳೀತಿತ್ತು," ಅಂತ ಗೊಣಗಿ ಪೆನ್ನು ತೆಗೆದರು. "ಸಮಿತಿ ಮುಂದೆ ಇಡ್ತೀನಿ. ಅಲ್ಲಿ ನನ್ನ ಮಾತು ನಡೆಯುತ್ತೆ. ಈಗ ಇವರಿಗೆ ಎಷ್ಟು ಕೊಡ್ತಿದ್ದೀರಿ?"

ನಾದಿನಿ ತಿಂಗಳ ಭತ್ಯೆ ಹೇಳಿದಳು. ಆಕೆ ಬರೆಯಲು ಬಗ್ಗಿದರು.

"ತಡೀರಿ," ಅಂದಳು ದೊಡ್ಡಮ್ಮ.

ಎಲ್ಲರೂ ತಿರುಗಿದೆವು. ಆಕೆ ಮೇಷ್ಟ್ರ ಬಾಯಿ ಒರೆಸಿ, ತಟ್ಟೆ ಕೆಳಗಿಟ್ಟಳು.

"ಅದು ಕಲಿಯೋರಿಗೆ ಕೊಡೋ ದುಡ್ಡು. ಕಲಿಯೋಳು ಅಂದ್ರಿ, ತಗೊಂಡೆ. ಕೆಲಸದವಳಿಗೆ ಅಷ್ಟು ಸಾಲಲ್ಲ. ಆಸ್ಪತ್ರೆಯವರು ಅದರ ಎರಡರಷ್ಟು ಅಂದಿದ್ದಾರೆ, ಭಾನುವಾರ ರಜ."

ನಾದಿನಿ ಕಕ್ಕಾಬಿಕ್ಕಿಯಾದಳು. "ದೊಡ್ಡಮ್ಮ, ಅಷ್ಟೊಂದು..."

"ಅಷ್ಟೇ ಬರೀತೀನಿ," ಅಂದರು ಬಟ್ಟೆ ಅಂಗಡಿಯಾಕೆ, ನಾದಿನಿಯ ಕಡೆ ನೋಡದೆ. "ಭಾನುವಾರ ರಜ ಕೂಡ."

ಬರೆದು ಮುಗಿಯುವವರೆಗೂ ದೊಡ್ಡಮ್ಮ ಮಿಸುಕಲಿಲ್ಲ. ಆಮೇಲೆ, "ಏನಂತ ಬರೆದ್ರಿ? ಒಂದ್ಸಲ ಓದಿ," ಅಂದಳು.

ಆಕೆ ಓದಿದರು: "ಕೆಲಸ, ಹಿರಿಯರ ಆರೈಕೆ. ಪೂರ್ಣಾವಧಿ ನೌಕರರು. ಸಂಬಳ, ತಿಂಗಳಿಗೆ."

ಮೇಷ್ಟ್ರು ಮುಂದಿನ ತುತ್ತಿಗೆ ಬಾಯಿ ತೆರೆದು ಕಾಯುತ್ತಿದ್ದರು. ದೊಡ್ಡಮ್ಮ ಅವರ ಕೈ ಮೇಲೆ ಕೈಯಿಟ್ಟು ಸ್ವಲ್ಪ ಇರಿ ಎಂಬಂತೆ ತಟ್ಟಿದಳು.

"ಇನ್ನೊಂದ್ಸಲ ಓದಿ," ಅಂದಳು.